ಲೈನ್ ಸೂಪರ್‌ವೈಸರ್ ಆಗಲೋ, ಸಿಎಂಎಂ ರೂಮಿಗೆ ಹೋಗಲೋ? ಪುಣೆಯವರು ದಾರಿ ಹೇಳಿ

ಗೋಕಾಕ–ಚಾಕಣ್
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವನು ನಾನು. ವಯಸ್ಸು 28. ಚಾಕಣ್‌ನಲ್ಲಿ ಗಾಡಿಯ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಏಪ್ರಿಲ್‌ನಿಂದ ಲೈನ್ ಸೂಪರ್‌ವೈಸರ್ ಆಗು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಸಂಬಳ ಸ್ವಲ್ಪ ಏರುತ್ತದೆ. ಇದೇ ಹೊತ್ತಿಗೆ ಸಿಎಂಎಂ ರೂಮಿನಲ್ಲಿ (ಬಿಡಿಭಾಗಗಳನ್ನು ಸೂಕ್ಷ್ಮವಾಗಿ ಅಳೆಯುವ ಮಷಿನ್ ಇರುವ ರೂಮು) ಒಬ್ಬರು ಕೆಲಸ ಬಿಡುತ್ತಿದ್ದಾರೆ, ಅಲ್ಲಿ ಕಲಿಯೋಕೆ ಹುಡುಗ ಬೇಕಂತೆ. ಅಲ್ಲಿ ಸಂಬಳ ಇದ್ದಷ್ಟೇ.

ಅಪ್ಪ ಸೂಪರ್‌ವೈಸರ್ ಆಗು ಅಂತಾರೆ, ಹೆಣ್ಣು ನೋಡೋಕೆ ಹೋದಾಗ ಹೇಳಿಕೊಳ್ಳಬಹುದು ಅಂತ. ಐದು ವರ್ಷದ ಪ್ಲಾನ್ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಮಾಡೋದು ಅಂತ ಯಾರೂ ಹೇಳಲ್ಲ. ಡಿಗ್ರಿ ಇಲ್ಲ ಅನ್ನೋ ಚಿಂತೆಯೂ ಇದೆ.

ಭೋಸರಿ ಕಾಕಾ
ತಮ್ಮಾ, ನಾನು ಧಾರವಾಡ ಕಡೆಯವನು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನಿನ್ನ ಹಾಗೇ ಇನ್‌ಸ್ಪೆಕ್ಷನ್‌ನಲ್ಲಿ ಶುರು ಮಾಡಿದೆ, ಈಗ ಮೆಟ್ರಾಲಜಿ, ಅಂದರೆ ಅಳತೆಯ ಕೆಲಸ, ನೋಡಿಕೊಳ್ಳುತ್ತೇನೆ. ನೀನು ಬರೆದಿದ್ದು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಹುದ್ದೆಯ ಹೆಸರಿಟ್ಟುಕೊಂಡು ಗುರಿ ಹಾಕಬೇಡ. ಹುದ್ದೆ ಕಂಪನಿಯದು, ನೀನು ಗೇಟು ದಾಟಿದರೆ ಅಲ್ಲೇ ಉಳಿಯುತ್ತದೆ. ದಿನಾ ಎಂಟು ಗಂಟೆ ಏನು ಮಾಡಿಕೊಂಡು ಇರೋಕೆ ಮನಸ್ಸು ಒಪ್ಪುತ್ತದೆ, ಅದನ್ನು ಮೊದಲು ನೋಡು. ಸೂಪರ್‌ವೈಸರ್ ಅಂದರೆ ಶಿಫ್ಟ್ ಶುರುವಾಗುವ ಹೊತ್ತಿಗೆ ಇಬ್ಬರು ಬಂದಿರಲ್ಲ, ಆ ಮಷಿನ್ನಿಗೆ ಯಾರನ್ನು ನಿಲ್ಲಿಸೋದು? ಕಾಂಟ್ರಾಕ್ಟರ್‌ಗೆ ಫೋನ್, ಆಮೇಲೆ ರಿಜೆಕ್ಷನ್ ಮೀಟಿಂಗ್, ನಡುವೆ ಇಬ್ಬರು ಆಪರೇಟರ್‌ಗಳ ಜಗಳ. ಪೂರ್ತಿ ಜನರ ಜೊತೆಗಿನ ಕೆಲಸ. ಅದನ್ನು ಚೆನ್ನಾಗಿ ಮಾಡುವವರನ್ನು ಕಂಡರೆ ನನಗೆ ಬಹಳ ಗೌರವ, ಫ್ಯಾಕ್ಟರಿ ನಡೆಯೋದೇ ಅವರಿಂದ.

ಸಿಎಂಎಂ ರೂಮ್ ಬೇರೆ ಲೋಕ. ಅಲ್ಲಿ ಯಾಕೆ 20 ಡಿಗ್ರಿ ಇಡುತ್ತಾರೆ ಅಂತ ಕೇಳಿದ್ದೀಯಾ? ಉದ್ದದ ಅಳತೆಗೆ ಎಲ್ಲ ದೇಶದವರೂ ಒಪ್ಪಿಕೊಂಡ ತಾಪಮಾನ ಅದು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ 11–12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಅರ್ಧ ಮೀಟರಿನ ಶಾಫ್ಟ್ 30 ಡಿಗ್ರಿಯಲ್ಲಿದ್ದಾಗಲೇ ತಂದು ಅಳೆದರೆ 50 ಮೈಕ್ರಾನ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಟಾಲರೆನ್ಸೇ, ಅಂದರೆ ಒಪ್ಪುವ ವ್ಯತ್ಯಾಸವೇ, 20 ಮೈಕ್ರಾನ್ ಇದ್ದರೆ? ಒಳ್ಳೆ ಪೀಸ್ ಕೆಂಪು ಡಬ್ಬಿಗೆ ಹೋಯಿತು. ಅದಕ್ಕೇ ಪೀಸನ್ನು ಒಳಗೆ ತಂದಿಟ್ಟು, ರೂಮಿನ ತಾಪಕ್ಕೆ ಬರುವ ತನಕ ಕಾಯಬೇಕು. ಹೊರಗೆ ಪ್ರೊಡಕ್ಷನ್‌ನವರು ಬಾಗಿಲು ತಟ್ಟುತ್ತಿದ್ದರೂ ಕಾಯಬೇಕು. ಇದನ್ನು ಓದುವಾಗ ಇನ್ನೂ ತಿಳಿಯಬೇಕು ಅನಿಸಿತಾ, ಸಾಕಪ್ಪಾ ಅನಿಸಿತಾ? ನಿನ್ನ ಉತ್ತರ ಅರ್ಧ ಅಲ್ಲೇ ಇದೆ.

ಇನ್ನರ್ಧಕ್ಕೆ, ಒಂದು ತಿಂಗಳು ಪ್ರತಿ ಶಿಫ್ಟ್ ಮುಗಿದ ಮೇಲೆ ಡೈರಿಯಲ್ಲಿ ಎರಡು ಸಾಲು ಬರಿ. ಇವತ್ತು ಯಾವ ಕೆಲಸದಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ, ಯಾವುದಕ್ಕೆ ಗಡಿಯಾರ ನೋಡುತ್ತಾ ಕೂತೆ. ತಿಂಗಳ ಕೊನೆಗೆ ಒಟ್ಟಿಗೆ ಓದು.

ಆಮೇಲೆ ಗುರಿ. ‘ಏನಾಗಿರುತ್ತೇನೆ’ ಅಂತ ಬರೆಯಬೇಡ, ‘ಯಾರ ಸಹಾಯ ಇಲ್ಲದೆ ಏನು ಮಾಡಬಲ್ಲೆ’ ಅಂತ ಬರಿ. ಉದಾಹರಣೆಗೆ, ಬರುವ ದೀಪಾವಳಿಗೆ: ಡ್ರಾಯಿಂಗ್ ಕೈಗೆ ಕೊಟ್ಟರೆ ಡೇಟಮ್ (ಅಳತೆ ಎಲ್ಲಿಂದ ಶುರು ಅನ್ನೋ ಆಧಾರ) ನೋಡಿ, ಮಷಿನ್‌ನಲ್ಲಿ ಅದಕ್ಕೆ ಅಲೈನ್‌ಮೆಂಟ್ ಹಾಕಿ, ಪ್ರೋಗ್ರಾಂ ಬರೆದು ರಿಪೋರ್ಟ್ ಕೊಡುತ್ತೇನೆ. ಅದರ ಮುಂದಿನ ವರ್ಷಕ್ಕೆ ಜಿಡಿ ಆ್ಯಂಡ್ ಟಿ (ಆಕಾರ, ಸ್ಥಾನಗಳ ಟಾಲರೆನ್ಸನ್ನು ಡ್ರಾಯಿಂಗ್‌ನಲ್ಲಿ ಹೇಳುವ ಚಿಹ್ನೆಗಳ ಭಾಷೆ) ಗಟ್ಟಿ ಮಾಡಿಕೋ. ಅದರ ಸ್ಟ್ಯಾಂಡರ್ಡ್ ಎಎಸ್‌ಎಂಇ ವೈ14.5ರ 2018ರ ಆವೃತ್ತಿ ಹಿಡಿದು ಕೂರು. ಆಮೇಲೆ ಎಂಎಸ್‌ಎ (ಅಳೆಯುವ ವಿಧಾನವನ್ನೇ ಎಷ್ಟು ನಂಬಬಹುದು ಅಂತ ಪರೀಕ್ಷಿಸೋದು), ಕ್ಯಾಲಿಬ್ರೇಶನ್, ಲ್ಯಾಬುಗಳ ಸ್ಟ್ಯಾಂಡರ್ಡ್ ಐಎಸ್‌ಒ 17025. ಇಷ್ಟು ಬಂದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆಯ ಲ್ಯಾಬುಗಳೂ ನಿನ್ನನ್ನು ಕೇಳುತ್ತವೆ. ಅದಕ್ಕಿಂತ ಮುಂದಿನದನ್ನು ಈಗಲೇ ಬರೆಯಬೇಡ. ಗಾಡಿಗಳು ಕರೆಂಟಿಗೆ ಬದಲಾಗುತ್ತಿವೆ, ಪಿಸ್ಟನ್ ಮಾಡುವವರಿಗೆ ಚಿಂತೆ ಇದೆ. ಅಳೆಯೋದು ಮೋಟಾರ್ ಶಾಫ್ಟಿಗೂ ಬೇಕು, ಬ್ಯಾಟರಿ ಕೇಸಿಗೂ ಬೇಕು. ನನ್ನ ಓಟು ಸಿಎಂಎಂಗೆ.

ಡೊಂಬಿವಲಿ ಅಕ್ಕ
ಕಾಕಾ ಹೇಳಿದ್ದು ಒಪ್ಪುತ್ತೇನೆ. ನಾನು ಪೇರೋಲ್ ಕೆಲಸ ಮಾಡುವವಳು, ಒಂದೇ ಮಾತು ಸೇರಿಸುತ್ತೇನೆ. ಸೂಪರ್‌ವೈಸರ್ ಆದ ಮೇಲೆ ಎಷ್ಟೋ ಕಡೆ ಓಟಿ (ಓವರ್‌ಟೈಮ್ ಹಣ) ನಿಲ್ಲುತ್ತದೆ. ಏರಿದ ಸಂಬಳ, ಹೋದ ಓಟಿ, ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ, ಕೈಗೆ ಬರುವುದು ಕಡಿಮೆಯೇ ಆಗಬಹುದು. ಅಪ್ಪನಿಗೂ ಆ ಲೆಕ್ಕವನ್ನೇ ತೋರಿಸಿ. ಅವರು ಸುಮ್ನೆ ಹಠ ಮಾಡುತ್ತಿಲ್ಲ, ಮಗ ಒಂದು ನೆಲೆಗೆ ಬರಲಿ ಅಂತ ಆಸೆ ಅಲ್ವಾ.

ವೆರ್ಣಾ ಗೋವಾ
ಡಿಗ್ರಿ ಬಗ್ಗೆ ಹೇಳುತ್ತೇನೆ. ಯಾರಾದರೂ ಎಎಂಐಇ (ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ) ಮಾಡು ಅಂದರೆ ಹುಷಾರು. 2013ರ ಮೇ 31ರ ಒಳಗೆ ಸೇರಿದವರಿಗೆ ಮಾತ್ರ ಅದು ಬಿಇಗೆ ಸಮ ಅಂತ ಕೇಂದ್ರ ಸರ್ಕಾರ ಒಪ್ಪುತ್ತದೆ. ಹಳಬರಿಗೆ ಇದು ಗೊತ್ತಿರಲ್ಲ, ಒಳ್ಳೆ ಮನಸ್ಸಿನಿಂದಲೇ ಹೇಳಿಬಿಡುತ್ತಾರೆ. ಡಿಪ್ಲೊಮಾದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕೆಲಸದಲ್ಲಿ ಇರುವವರಿಗೆ ಅಂತಲೇ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೆಲವು ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿದೆ, ಕ್ಲಾಸಿನ ಹೊತ್ತು ಅವರಿಗೆ ಹೊಂದುವ ಹಾಗೆ ಇರುತ್ತದೆ. ಚಾಕಣ್ ಸುತ್ತ ಯಾವ ಕಾಲೇಜು ಅಂತ ವಿಚಾರಿಸಿ.

ಗೋಕಾಕ–ಚಾಕಣ್
ಎಲ್ಲರಿಗೂ ಧನ್ಯವಾದ. 20 ಡಿಗ್ರಿ ವಿಷಯ ಓದಿ ಇವತ್ತೇ ಸಿಎಂಎಂ ರೂಮಿನ ಸರ್ ಹತ್ತಿರ ಹೋಗಿ ಏನೇನೋ ಕೇಳಿದೆ. ಕಾಕಾ, ಮ್ಯಾನೇಜರ್‌ಗೆ ಬೇಡ ಅಂದರೆ ಮುಂದೆ ಪ್ರಮೋಷನ್ ತಪ್ಪಿಸುತ್ತಾರೇನೋ ಅಂತ ಹೆದರಿಕೆ.

ಭೋಸರಿ ಕಾಕಾ
ಬೇಡ ಅನ್ನಬೇಡ. ‘ಸರ್, ಆ ಸರ್ ಬಿಟ್ಟು ಹೋಗುವ ಮುಂಚೆ ಅವರ ಪ್ರೋಗ್ರಾಂಗಳನ್ನೆಲ್ಲ ಕಲಿತುಕೊಳ್ಳುತ್ತೇನೆ, ಇಲ್ಲದಿದ್ದರೆ ಆಡಿಟ್ ಹೊತ್ತಿಗೆ ನಮಗೇ ತೊಂದರೆ’ ಅನ್ನು. ಮ್ಯಾನೇಜರ್‌ಗೂ ಅದೇ ತಲೆನೋವು ಇರುತ್ತದೆ. ಅವರು ಹೂಂ ಅಂದರೆ ಎಷ್ಟು ತಿಂಗಳು, ಆಮೇಲೆ ಯಾವ ಗ್ರೇಡ್ ಅಂತ ಮೇಲ್‌ನಲ್ಲಿ ಬರೆಸಿಕೋ. ಭಾನುವಾರ ಬಿಡುವಿದ್ದರೆ ಭೋಸರಿಗೆ ಬಾ, ಒಂದೆರಡು ಡ್ರಾಯಿಂಗ್ ಒಟ್ಟಿಗೆ ಓದೋಣ. ಮೆಸೇಜ್‌ನಲ್ಲಿ ನಂಬರ್ ಕಳಿಸುತ್ತೇನೆ.