ಟೌನ್ ಪಾರ್ಕಿನಲ್ಲಿ ಕ್ರಿಕೆಟ್ ಪಿಚ್: ಸಿಪಿಎ ದುಡ್ಡು ಕೇಳೋದು ಹೇಗೆ?

ಮಕ್ಕಳಿಗೆ ಪಿಚ್ ಬೇಕು, ಟೌನ್‌ನವರು ದುಡ್ಡಿಲ್ಲ ಅಂತಾರೆ, ಏನು ಮಾಡೋದು ಅಂತ ಒಬ್ಬರು ಕೇಳಿದ್ರು. ನೀವಿರೋದು ಮ್ಯಾಸಚೂಸೆಟ್ಸ್‌ನಲ್ಲಾದ್ರೆ ಮೊದಲು ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ. ಸಿಪಿಎ ಅಂತ ಒಂದು ಸಾಲಿದ್ರೆ ದುಡ್ಡಿದೆ, ಬೇರೆ ಡಬ್ಬಿಯಲ್ಲಿದೆ ಅಷ್ಟೆ.

ಸಿಪಿಎ ಅಂದ್ರೆ ಈ ರಾಜ್ಯದ ಒಂದು ಕಾನೂನು, 2000ದ ಕಮ್ಯುನಿಟಿ ಪ್ರಿಸರ್ವೇಶನ್ ಆ್ಯಕ್ಟ್. ಮತದಾರರು ಒಪ್ಪಿದ ಊರಲ್ಲಿ ತೆರಿಗೆಯ ಮೇಲೆ ಹೆಚ್ಚೆಂದರೆ ಶೇ. 3 ಸರ್ಚಾರ್ಜ್. ಮನೆ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ. ಇಲ್ಲೇ ಎಲ್ಲರೂ ಗಾಬರಿ ಬೀಳೋದು. ಉದಾಹರಣೆಗೆ 8 ಲಕ್ಷ ಡಾಲರ್ ಮನೆ, ಮೊದಲ 1 ಲಕ್ಷಕ್ಕೆ ವಿನಾಯಿತಿ, ಸಾವಿರಕ್ಕೆ 12 ಡಾಲರ್ ತೆರಿಗೆ ಅಂದ್ರೆ 8,400. ಸಿಪಿಎ ಶೇ. 1.5 ಆದ್ರೆ ವರ್ಷಕ್ಕೆ 126 ಡಾಲರ್. ರಾಜ್ಯವೂ ಒಂದಿಷ್ಟು ಸೇರಿಸುತ್ತೆ.

ಹೀಗೆ ಬರೋ ಸಿಪಿಎ ದುಡ್ಡಿನ ವರ್ಷದ ಆದಾಯದಲ್ಲಿ ತಲಾ ಶೇ. 10 ಬಯಲು-ಆಟದ ಜಾಗಕ್ಕೆ, ಹಳೇ ಪಾರಂಪರಿಕ ಕಟ್ಟಡಗಳಿಗೆ, ವಸತಿಗೆ ಮೀಸಲು. ಮಿಕ್ಕಿದ್ದರಲ್ಲೇ ಪೈಪೋಟಿ.

ಅರ್ಜಿ ತಿರಸ್ಕಾರ ಆಗೋದು ಎಲ್ಲಿ ಅಂದ್ರೆ: ಹುಲ್ಲು ಕತ್ತರಿಸೋದು, ಬಣ್ಣ ಬಳಿಯೋದು ನಿರ್ವಹಣೆ, ಅದಕ್ಕೆ ಕೊಡಲ್ಲ. 2012ರ ತಿದ್ದುಪಡಿ ಪ್ರಕಾರ ಆಟದ ಮೈದಾನಕ್ಕೆ ಕೃತಕ ಹುಲ್ಲು ಕೊಳ್ಳೋ ಹಾಗಿಲ್ಲ. ನಮ್ಮ ಪಿಚ್ ಬರೀ 66 ಅಡಿ ಉದ್ದ, 10 ಅಡಿ ಅಗಲದ ಪಟ್ಟಿ, ಆದ್ರೂ ಅದರ ಮೇಲೆ ಹಾಸೋ ಕೃತಕ ಹುಲ್ಲಿನ ಮ್ಯಾಟ್ ಬಗ್ಗೆ ತಕರಾರು ಬರಬಹುದು. ನೆಲ ಸಮ ಮಾಡೋದು, ನೀರು ಹರಿಯೋ ವ್ಯವಸ್ಥೆ, ಕಾಂಕ್ರೀಟ್ ಇವನ್ನ ಮಾತ್ರ ಅರ್ಜಿಗೆ ಹಾಕಿ. ಮ್ಯಾಟ್‌ಗೆ ಕನ್ನಡ ಕೂಟದಲ್ಲೇ ಚಂದಾ ಎತ್ತೋದು ಜಾಣತನ. ಜಾಗ ಟೌನ್‌ದಾದ್ರೆ ಪಾರ್ಕ್ ಇಲಾಖೆಯ ಒಪ್ಪಿಗೆ ಪತ್ರ ಮೊದಲು. ಬೇಸ್‌ಬಾಲ್‌ನವರ ಜೊತೆ ವೇಳಾಪಟ್ಟಿ ಮಾತಾಡಿಕೊಳ್ಳದೆ ಹೋದ್ರೆ ಅರ್ಜಿ ನೋಡೋ ಸಿಪಿಎ ಸಮಿತಿಯ ವಿಚಾರಣೆಯಲ್ಲಿ ಅವರೇ ಎದ್ದು ನಿಲ್ತಾರೆ.

ಕೊಟೇಶನ್ ತಗೊಳ್ಳುವಾಗ ಸರ್ಕಾರಿ ಕೆಲಸದ ನಿಗದಿತ ಕೂಲಿ ದರ ಹಾಕಿಸಿ. ಮನೆ ಡ್ರೈವ್‌ವೇ ಮಾಡೋರ ರೇಟು ಹಿಡಿದು ಕೇಳಿದ್ರೆ ದುಡ್ಡು ಸಾಲಲ್ಲ. ಸಮಿತಿ ಶಿಫಾರಸು ಮಾಡಿದ ಮೊತ್ತವನ್ನ ಟೌನ್ ಮೀಟಿಂಗ್ (ಊರ ಮತದಾರರ ಸಭೆ) ಇಳಿಸಬಹುದು, ತಿರಸ್ಕರಿಸಬಹುದು, ಏರಿಸೋಕಾಗಲ್ಲ.

— ಓದುಗರೊಬ್ಬರ ಪ್ರತಿಕ್ರಿಯೆ: ಮೇಲಿನದಕ್ಕೆ ಒಂದು ಸೇರಿಸ್ತೀನಿ ಸರ್. ಎಚ್1ಬಿ, ಗ್ರೀನ್ ಕಾರ್ಡ್‌ನವರಿಗೆ ಟೌನ್ ಮೀಟಿಂಗ್‌ನಲ್ಲಿ ಓಟಿಲ್ಲ. ಆದ್ರೆ ಸಮಿತಿಯ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಬಹುದು, ಮಕ್ಕಳನ್ನೂ ಕರ್ಕೊಂಡು ಹೋಗಿ. ಪೌರತ್ವ ಇರೋರು ಓಟರ್ ಲಿಸ್ಟ್‌ನಲ್ಲಿ ಹೆಸರಿದೆಯಾ ಅಂತ ಈಗಲೇ ನೋಡಿಕೊಳ್ಳಿ. ಟೌನ್ ಮೀಟಿಂಗ್ ರಾತ್ರಿ ಹಾಲ್‌ನಲ್ಲಿ ಕೂತು ಕೈ ಎತ್ತಬೇಕಾದವರು ಅವರೇ.