ಪದಚರ್ಚೆ: ಕೋವಿ ನಳಿಗೆಯ ‘ಲ್ಯಾಂಡ್’ಗೆ ‘ನೆಲ’ ಎನ್ನಬಹುದೇ? (ತುರ್ತು)

ಗೆಳೆಯರೇ,

ದೊಡ್ಡ ಪ್ರಾಣಿಗಳ ಬೇಟೆಗೆಂದು ಹೇಳಿ ಮಾಡಿಸುವ ರೈಫಲ್ ನಳಿಗೆಯನ್ನು ಆರಿಸಿಕೊಳ್ಳುವ ಬಗೆಗಿನ ಕೈಪಿಡಿಯೊಂದು ಅನುವಾದಕ್ಕೆ ಬಂದಿದೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೊದಲ ಕರಡು ಯಂತ್ರಾನುವಾದ. ‘ಬಿಗ್ ಗೇಮ್’ ಅದರಲ್ಲಿ ‘ದೊಡ್ಡ ಆಟ’ ಆಗಿತ್ತು, ತಿದ್ದಿದ್ದೇನೆ. ಉಳಿದ ತೊಡಕುಗಳು ಇವು: ಕ್ಯಾಲಿಬರ್, ಲ್ಯಾಂಡ್ (ನಳಿಗೆಯೊಳಗೆ ತೋಡಿದ ಗೀರುಗಳ ನಡುವೆ ಉಳಿಯುವ ಉಬ್ಬು, ಕರಡಿನಲ್ಲಿ ‘ನೆಲ’), ಗ್ರೂವ್, ಟ್ವಿಸ್ಟ್, ಚೇಂಬರ್ (‘ಸಭಾಂಗಣ’!), ಕ್ರೌನ್ (‘ಕಿರೀಟ’), ಫ್ರೀ-ಫ್ಲೋಟಿಂಗ್ (‘ಮುಕ್ತವಾಗಿ ತೇಲುವ’), ಹೆಡ್‌ಸ್ಪೇಸ್. ಚಿತ್ರದಲ್ಲಿ ಬಾಣದ ಗುರುತಿನ ಪಕ್ಕಕ್ಕೆ ಹಿಡಿಸಬೇಕಾದ್ದರಿಂದ ಪದ ಚಿಕ್ಕದಿದ್ದಷ್ಟೂ ಒಳ್ಳೆಯದು.

ಮರು: ಲ್ಯಾಂಡ್‌ಗೆ ‘ನೆಲ’

ರೈಫಲ್ ಎಂದೇ ಯಾಕೆ ಬರೆಯಬೇಕು? ಅದರ ಹಿಂದಿರುವುದು ಫ್ರೆಂಚಿನ ‘ಗೀರು, ಕೆರೆ’ ಎಂಬರ್ಥದ ಕ್ರಿಯಾಪದ. ಒಳಗೆ ಗೀರಿದ ಕೋವಿ ‘ಗೀರುಗೋವಿ’, ಸಮಾಸ ಸಲೀಸಾಗಿ ಕೂಡುತ್ತದೆ. ಕ್ಯಾಲಿಬರ್‌ನ ಮೂಲ ಅರಬಿಯ ‘ಕಾಲಿಬ್’, ಅಂದರೆ ಅಚ್ಚು. ಅದಕ್ಕೂ ಹಿಂದೆ ಗ್ರೀಕಿನಲ್ಲಿ ಜೋಡು ಹೊಲಿಯುವವರ ಮರದ ಕಾಲಚ್ಚು. ಆದ್ದರಿಂದ ‘ಅಚ್ಚಳತೆ’. ಬಿಗ್ ಗೇಮಿಗೆ ‘ಹೆಮ್ಮಿಗ’, ಚೇಂಬರಿಗೆ ‘ಈಡುಗೂಡು’, ಹೆಡ್‌ಸ್ಪೇಸಿಗೆ ‘ತಲೆತೆರಪು’. ಲ್ಯಾಂಡ್ ಎಂದರೆ ನೆಲವೇ, ಅದರಲ್ಲಿ ತಪ್ಪೇನೂ ಕಾಣುತ್ತಿಲ್ಲ.

ಮರು: ಮರು: ಲ್ಯಾಂಡ್‌ಗೆ ‘ನೆಲ’

> ಆದ್ದರಿಂದ ‘ಅಚ್ಚಳತೆ’

ಯಾವ ಅಳತೆ? ಕೈಪಿಡಿ ಓದುವವನಿಗೆ ಬೇಕಾದದ್ದು ಅದು. ಕ್ಯಾಲಿಬರ್ ಎಂಬ ಒಂದೇ ಪದ ಇಂಗ್ಲಿಷಿನಲ್ಲಿ ಮೂರು ಕೆಲಸ ಮಾಡುತ್ತದೆ. ನಳಿಗೆಯ ಒಳಗೆ ಕೊರೆದ ತೂತಿನ ಅಡ್ಡಳತೆ ಒಂದು. ತೂತಿನ ಗೋಡೆಯಲ್ಲಿ ತೋಡಿದ ಗೀರುಗಳ ತಳದಿಂದ ತಳಕ್ಕೆ ಇರುವ ಅಳತೆ ಇನ್ನೊಂದು. ತೋಟಾದ ಹೆಸರು ಮೂರನೆಯದು. .308 ವಿಂಚೆಸ್ಟರ್ ಎಂಬ ತೋಟಾದ ನಳಿಗೆಯಲ್ಲಿ ತೂತು 0.300 ಅಂಗುಲ, ಗೀರಿನ ತಳದ ಅಳತೆ 0.308. ಅಂದರೆ ಒಂದೊಂದು ಗೀರಿನ ಆಳ 0.004 ಅಂಗುಲ, ಗುಂಡಿನ ದಪ್ಪ 0.308. ಇಲ್ಲಿ ಹೆಸರು ಗುಂಡಿನ ದಪ್ಪದಿಂದ ಬಂತು. 1925ರ .270 ವಿಂಚೆಸ್ಟರ್‌ನಲ್ಲಿ ಹೆಸರು ಬಂದದ್ದು ತೂತಿನಿಂದ, ಗುಂಡು 0.277. ಇನ್ನು .30-06ರ 06 ಅಳತೆಯೇ ಅಲ್ಲ, 1906ನೇ ಇಸವಿ.

.308, .30-06, .300 ವಿಂಚೆಸ್ಟರ್ ಮ್ಯಾಗ್ನಮ್ ಮೂರಕ್ಕೂ ಗುಂಡು ಒಂದೇ ದಪ್ಪ. ತೋಟಾ ಕೂರುವ ಗೂಡನ್ನು (ಚೇಂಬರ್) ಇನ್ನೂ ಕೊರೆಯದ ಒಂದೇ ನಳಿಗೆಯಿಂದ ಮೂರರಲ್ಲಿ ಯಾವುದನ್ನಾದರೂ ಮಾಡಿಸಬಹುದು. ಬೇರೆಯಾಗುವುದು ಗೂಡು: .308ರ ತೋಟಾದ ಹಿತ್ತಾಳೆ ಕೊಳವೆ 51 ಮಿ.ಮೀ. ಉದ್ದ, .30-06ರದು 63. ‘30ರ ಅಚ್ಚಳತೆಯ ನಳಿಗೆ ಬೇಕು’ ಎಂದು ಬರೆದು ಕೊಟ್ಟರೆ ಮಾಡುವವನಿಗೆ ಅರ್ಧ ವಿಷಯವೂ ತಿಳಿದಂತಾಗಲಿಲ್ಲ. ಹಾಗಾಗಿ ಒಂದೇ ಪದ ಹುಡುಕಬೇಡಿ. ಸಂದರ್ಭ ನೋಡಿ ‘ತೂತಿನಳತೆ’, ‘ಗುಂಡಿನಳತೆ’, ‘ತೋಟಾ’ ಎಂದು ಒಡೆದು ಬರೆಯಿರಿ.

‘ತಲೆತೆರಪು’ ಬೇಡವೇ ಬೇಡ. ಹೆಡ್‌ಸ್ಪೇಸ್‌ನ ‘ಹೆಡ್’ ತೋಟಾದ ಹಿಂತುದಿ, ಕನ್ನಡದವರು ಬುಡ ಎನ್ನುವ ಜಾಗ. ತಲೆ ಎಂದರೆ ಓದುಗ ಗುಂಡಿನ ಕಡೆ ನೋಡುತ್ತಾನೆ. .308ರಲ್ಲಿ ಇದನ್ನು ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದಿಂದ ತೋಟಾದ ಹೆಗಲು (ಕೊರಳಿನ ಕೆಳಗಿನ ಇಳಿಜಾರು) ಕೂರುವ ಜಾಗದವರೆಗೆ ಅಳೆಯುತ್ತಾರೆ, ಸೊಂಟಪಟ್ಟಿ ಇರುವ .300 ಮ್ಯಾಗ್ನಮ್‌ನಲ್ಲಿ ಪಟ್ಟಿ ಕೂರುವ ಜಾಗದವರೆಗೆ. ಹೆಚ್ಚಾದರೆ ಹಿತ್ತಾಳೆ ಹಿಗ್ಗಿ ಬುಡದ ಹತ್ತಿರ ಹರಿಯಬಹುದು. ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ‘ಗೋ’ ಗೇಜ್ (ಅಳತೆ ನೋಡುವ ಅಚ್ಚು) ಹಾಕಿದರೆ ಮುಚ್ಚಬೇಕು, ‘ನೋ-ಗೋ’ ಹಾಕಿದರೆ ಮುಚ್ಚಬಾರದು. ಪದ ಹೆಡ್‌ಸ್ಪೇಸ್ ಎಂದೇ ಇರಲಿ.

ಮರು: ಲ್ಯಾಂಡ್‌ಗೆ ‘ನೆಲ’ ಅಲ್ಲ, ‘ಬೋದು’

ಇಂಗ್ಲಿಷಿನ ಈ ಲ್ಯಾಂಡ್ ಬಂದದ್ದು ಉಳುಮೆಯಿಂದ. ನೇಗಿಲ ಸಾಲುಗಳ ನಡುವೆ ಉಳಿದ ನೆಲದ ಪಟ್ಟಿಗೆ ಆ ಹೆಸರು. ಬೀಸುವ ಕಲ್ಲಿನ ಗೀರುಗಳ ನಡುವಿನ ಭಾಗಕ್ಕೂ ಅದೇ. ಯಂತ್ರ ‘ನೆಲ’ ಎಂದದ್ದು ಅರ್ಧ ಸರಿ, ಆದರೆ ಕನ್ನಡದಲ್ಲಿ ಆ ಉಬ್ಬಿಗೆ ಬೇರೆಯೇ ಮಾತಿದೆ. ಹೊಲದಲ್ಲಿ ಬೋದು ಮತ್ತು ಸಾಲು ಎನ್ನುತ್ತೇವಲ್ಲ, ನಳಿಗೆಯೊಳಗೂ ಹಾಗೇ: ಗ್ರೂವ್ ಸಾಲು, ಲ್ಯಾಂಡ್ ಬೋದು. ಎರಡೂ ಎರಡೆರಡಕ್ಷರ, ಚಿತ್ರದಲ್ಲಿ ಹಿಡಿಸುತ್ತವೆ. ‘ದಿಂಡು’ ಎನ್ನುವ ಸೀಮೆಯವರಿಗೂ ಬೋದು ತಿಳಿಯುತ್ತದೆ.

ಸಾಲು ಮಾಡುವ ಬಗೆಗಳಿಗೂ ಪದ ಕಟ್ಟಬೇಕಿಲ್ಲ, ಮೂರು ಕ್ರಿಯಾಪದ ಸಾಕು. ಒಂದೊಂದೇ ಸಾಲನ್ನು ಉಳಿಯಂಥ ಮೊನೆಯಿಂದ ಹಲವು ಸಲ ಎಳೆದು ತೆಗೆದರೆ ‘ಕೆತ್ತಿದ’ ನಳಿಗೆ. ಗಟ್ಟಿ ಕಾರ್ಬೈಡ್ ಬಿಲ್ಲೆಯನ್ನು ತೂತಿನಲ್ಲಿ ಎಳೆದರೆ ‘ಒತ್ತಿದ’ ನಳಿಗೆ. ಒಳಗೆ ಅಚ್ಚಿಟ್ಟು ಹೊರಗಿನಿಂದ ಸುತ್ತಿಗೆ ಯಂತ್ರದಲ್ಲಿ ಹೊಡೆದರೆ ‘ಬಡಿದ’ ನಳಿಗೆ. ಒತ್ತಿದ್ದನ್ನು ಕಾಯಿಸಿ ಬಿಗಿ ಬಿಡಿಸದೆ ಹೊರಮೈ ತರಿದು ತೆಳುಮಾಡಿದರೆ ತೂತು ಬಾಯಿಯ ಕಡೆ ಅಗಲವಾಗುತ್ತದೆ. ಗುಂಡು ಹೊರಡುವ ತುದಿಯಲ್ಲೇ ಸಡಿಲ. ಕೈಪಿಡಿಯಲ್ಲಿ ‘ಸ್ಟ್ರೆಸ್ ರಿಲೀವ್’ ಎಂದು ಬಂದಲ್ಲಿ ‘ಒತ್ತಡ ನಿವಾರಣೆ’ ಎಂದು ಯೋಗಾಸನದ ಪುಸ್ತಕದಂತೆ ಬರೆಯದೆ ‘ಕಾಯಿಸಿ ಬಿಗಿ ಬಿಡಿಸು’ ಎನ್ನಿ.

ಸಾಲುಗಳು ನಳಿಗೆಯೊಳಗೆ ತಿರುಚಿಕೊಂಡು ಸಾಗುವ ಟ್ವಿಸ್ಟಿಗೆ ‘ಸುತ್ತು’: ‘10 ಅಂಗುಲಕ್ಕೆ ಒಂದು ಸುತ್ತು’. 1:10 ಎಂದಷ್ಟೇ ಬರೆದರೆ ಗಣಿತದ ಅನುಪಾತ ಎಂದುಕೊಳ್ಳುತ್ತಾರೆ. ಇದರಲ್ಲಿ ‘ಫಾಸ್ಟ್ ಟ್ವಿಸ್ಟ್’ ಅನ್ನು ‘ವೇಗದ ಸುತ್ತು’ ಮಾಡಬೇಡಿ, ‘ಬಿಗಿ ಸುತ್ತು’ ಮಾಡಿ. ಗುಂಡು ಉದ್ದವಾದಷ್ಟೂ ಸುತ್ತು ಬಿಗಿ ಬೇಕು. ಇಲ್ಲಿ ಮುಖ್ಯವಾದದ್ದು ತೂಕಕ್ಕಿಂತ ಉದ್ದ. ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದ, ಯಾಕೆಂದರೆ ತಾಮ್ರ ಸೀಸಕ್ಕಿಂತ ಹಗುರ. 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ .30-06ರಲ್ಲಿ 10 ಅಂಗುಲದ ಸುತ್ತು ವಾಡಿಕೆ, 6.5 ಕ್ರೀಡ್‌ಮೂರ್ ತೋಟಾದ 140 ಗ್ರೇನಿಗೆ 8. ಸುತ್ತು ಸಡಿಲವಾದರೆ ಗುಂಡು ಅಡ್ಡಬಿದ್ದು ಹೋಗಿ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಕಾಣುತ್ತದೆ.

ಕ್ರೌನ್ ಎಂದರೆ ‘ಬಾಯಂಚು’. ಅಲ್ಲಿ ಒಂದು ಕಡೆ ಕಚ್ಚು ಬಿದ್ದರೂ ಹೊಗೆ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ತಳ್ಳುತ್ತದೆ. ಶುಚಿಮಾಡುವ ಸರಳನ್ನು ಬಾಯಿಯಿಂದ ಹಾಕಬೇಡಿ ಎನ್ನುವುದು ಇದಕ್ಕೇ. ಫ್ರೀ-ಫ್ಲೋಟಿಂಗ್ ‘ಮರ ತಾಗದ ನಳಿಗೆ’: ಮುಂಗಟ್ಟಿನ ಮರಕ್ಕೂ ನಳಿಗೆಗೂ ನಡುವೆ ಒಂದು ಹಾಳೆ ಕಾಗದ ತಡೆಯಿಲ್ಲದೆ ಸರಿಯಬೇಕು. ನೀರಿನಲ್ಲಿ ತೇಲಿಸುವುದು ಬೇಡ.

ಮರು: ಎರವಲು ಸಾಕು

ಬೋದು, ಸಾಲು, ಬಾಯಂಚು ಒಪ್ಪಿದೆ. ಆದರೆ ತೋಟಾ, ಬೋಲ್ಟ್, ಗೇಜ್, ಹೆಡ್‌ಸ್ಪೇಸ್ ಎಂದು ಬರೆಯುತ್ತ ಹೋದರೆ ಕನ್ನಡದ ಪಾಲಿಗೆ ಉಳಿಯುವುದು ವಿಭಕ್ತಿ ಪ್ರತ್ಯಯವಷ್ಟೆ. ಕೋವಿ, ನಳಿಗೆ, ಗುಂಡು ಎಂಬ ಅಚ್ಚಗನ್ನಡ ಪದಗಳಿರುವಾಗ ಉಳಿದವನ್ನೂ ಕಟ್ಟಿಕೊಳ್ಳಲು ಸೋಮಾರಿತನವೇಕೆ?

ಮರು: ಮರು: ಎರವಲು ಸಾಕು

ನಳಿಗೆ ಸಂಸ್ಕೃತದ ‘ನಲಿಕಾ’ದ ತದ್ಭವ. ಕೋವಿ ನಮ್ಮದು, ಕೊಳವೆ ಎಂಬ ಅರ್ಥವೂ ಅದಕ್ಕಿದೆ, ಸರಿ. ತುಪಾಕಿ ತುರ್ಕಿಯದು, ಬಂದೂಕು ಅರಬಿಯದು. ಎರಡೂ ಹಳ್ಳಿಯ ಬಾಯಲ್ಲಿ ಬೆಳೆದಿವೆ. ಕಂಡರೆ ತಿಳಿಯುವ ಭಾಗಕ್ಕೆ ಕನ್ನಡ ಸಾಕು, ಸಾಲು ಬೋದು ಅಂಥವು. ಉಪಕರಣದ ಮೇಲೆ ಕೊರೆದಿರುವ ಪದವನ್ನು ಹಾಗೆಯೇ ಬಿಡಿ. ಗೇಜಿನ ಮೇಲಿರುವ ಅಕ್ಷರಕ್ಕೂ ಕೈಪಿಡಿಯ ಪದಕ್ಕೂ ತಾಳೆಯಾಗದಿದ್ದರೆ ಓದುಗನ ಮುಖದ ಮುಂದೆ ಸಿಡಿಯುವುದು ಸಮಾಸವಲ್ಲ.

ಮರು: ಲ್ಯಾಂಡ್‌ಗೆ ‘ನೆಲ’ ಅಲ್ಲ, ‘ಬೋದು’

ಎಲ್ಲರಿಗೂ ಧನ್ಯವಾದ. ಚಿತ್ರಕ್ಕೆ ಸಾಲು, ಬೋದು, ಗೂಡು, ಬಾಯಂಚು ಹಾಕಿದೆ. ಕ್ಯಾಲಿಬರ್ ಬಂದಲ್ಲೆಲ್ಲ ಮೂರಾಗಿ ಒಡೆದೆ. ಹೆಡ್‌ಸ್ಪೇಸ್ ಹಾಗೇ ಇದೆ. ಇನ್ನೊಂದು ಉಳಿದಿದೆ: ‘ಅಕ್ಯುರೇಟ್ ಬ್ಯಾರೆಲ್’ ಅನ್ನು ‘ಗುರಿ ತಪ್ಪದ ನಳಿಗೆ’ ಎನ್ನಲೇ?

ಮರು: ಮರು: ಲ್ಯಾಂಡ್‌ಗೆ ‘ನೆಲ’ ಅಲ್ಲ, ‘ಬೋದು’

ಬೇಡ. ಗುರಿ ಹಿಡಿಯುವವನದು. ನಳಿಗೆ ಮಾಡುವುದು ಗುಂಡುಗಳನ್ನು ಒಂದರ ಪಕ್ಕ ಒಂದು ಬೀಳಿಸುವುದಷ್ಟೆ. ಗುಂಪು 100 ಗಜಕ್ಕೆ 1.047 ಅಂಗುಲದೊಳಗಿದ್ದರೆ ಒಂದು ‘ಎಂಓಎ’ (ಮಿನಿಟ್ ಆಫ್ ಆ್ಯಂಗಲ್, ಕೋನದ ಅಳತೆ) ಎನ್ನುತ್ತಾರೆ. ಆ ಗುಂಪು ಗುರಿಗಿಂತ ಒಂದಡಿ ಆಚೆ ಬಿದ್ದರೂ ನಳಿಗೆ ಒಳ್ಳೆಯದೇ, ದುರ್ಬೀನಿನ ತಿರುಪು ತಿರುಗಿಸಿ ಸರಿಮಾಡಬಹುದು. ‘ಗುಂಪು ಚದುರದ ನಳಿಗೆ’ ಎಂದು ಬರೆಯಿರಿ.