ಕ್ಲೋರಿನ್ ಹಾಕಿದ ನೀರಲ್ಲೂ ವಿಬ್ರಿಯೋ ಬ್ಯಾಕ್ಟೀರಿಯಾ ಯಾಕೆ ಬರುತ್ತೆ?

ಪ್ರಶ್ನೆ
ಮೀನಿನ ಮರಿಗಳಿಗೆ ತಿನ್ನಿಸುವ ರೊಟಿಫರ್ (ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಬೆಳೆಸುವ ನೀರಿನ ಬಗ್ಗೆ ಸಹಾಯ ಬೇಕು. ಸಮುದ್ರದ ನೀರನ್ನು ಮರಳಿನ ಫಿಲ್ಟರ್, ಆಮೇಲೆ 5 ಮತ್ತು 1 ಮೈಕ್ರಾನ್ ಕಾರ್ಟ್ರಿಡ್ಜ್‌ನಲ್ಲಿ ಸೋಸುತ್ತೇನೆ. 10 ಪಿಪಿಎಂ (ಲೀಟರ್‌ಗೆ 10 ಮಿಲಿಗ್ರಾಂ) ಕ್ಲೋರಿನ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ಹಾಕಿದ ಕೂಡಲೇ ರೊಟಿಫರ್ ಬಿಡುತ್ತೇನೆ. ಆ ಹೊತ್ತಿನ ನೀರನ್ನು ವಿಬ್ರಿಯೋ ಪತ್ತೆಗೆ ಬಳಸುವ ಟಿಸಿಬಿಎಸ್ ಪ್ಲೇಟ್‌ಗೆ ಹಚ್ಚಿದರೆ ಒಂದು ಕಾಲನಿಯೂ ಬರಲ್ಲ. ಮೂರನೇ ದಿನ ಅದೇ ಟ್ಯಾಂಕಿನ ಪ್ಲೇಟ್ ಪೂರ್ತಿ ಹಳದಿ ಕಾಲನಿ, ನಡುನಡುವೆ ಹಸಿರು ಚುಕ್ಕಿ. ನೊರೆ ದಪ್ಪಗಾಗಿ ಒಡೆಯುವುದೇ ಇಲ್ಲ. ಹೋದ ವಾರ ಈ ರೊಟಿಫರ್ ತಿಂದ ಮರಿಗಳಲ್ಲಿ ಅರ್ಧದಷ್ಟು ಒಂದೇ ರಾತ್ರಿಯಲ್ಲಿ ಸತ್ತವು. ತುಂಬಾ ಬೇಜಾರಾಗಿದೆ. ಕ್ಲೋರಿನ್ ಜಾಸ್ತಿ ಮಾಡಲಾ?

ಉತ್ತರ 1
ಮೊದಲು ಬ್ಲೀಚಿಂಗ್ ಪೌಡರ್ ನೋಡಿಕೊಳ್ಳಿ. ಹೊಸದರಲ್ಲಿ ಸುಮಾರು 30% ಕ್ಲೋರಿನ್ ಇರುತ್ತೆ. ಆ ಲೆಕ್ಕದಲ್ಲಿ ನಿಮ್ಮ 10 ಪಿಪಿಎಂ ಬರಲು 1,000 ಲೀಟರ್‌ಗೆ 33 ಗ್ರಾಂ ಸಾಕು. ಚೀಲ ತೆರೆದಿಟ್ಟರೆ ಸತ್ವ ಹೋಗುತ್ತೆ.

ಉತ್ತರ 2
ಕ್ಲೋರಿನ್ ಜಾಸ್ತಿ ಮಾಡಬೇಡಿ ಸರ್. ನಿಮ್ಮ ಮೊದಲ ಪ್ಲೇಟೇ ಹೇಳುತ್ತಿದೆ, ಕ್ಲೋರಿನ್ ತನ್ನ ಕೆಲಸ ಮಾಡಿದೆ. ತೊಂದರೆ ಆಮೇಲಿನದು.

ಉತ್ತು ಬಿಟ್ಟ ಹೊಲದಲ್ಲಿ ಮೊದಲು ಏಳುವುದು ಕಳೆ ಅಲ್ವಾ? ಇಲ್ಲಿಯೂ ಹಾಗೇ. ಕ್ಲೋರಿನ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಆ ಖಾಲಿ ನೀರಿಗೆ ನೀವು ರೊಟಿಫರ್ ಜೊತೆ ವಿಬ್ರಿಯೋವನ್ನೂ ಬಿಡುತ್ತೀರಿ, ಮೇಲೆ ರೊಟಿಫರ್‌ಗೆ ಹಾಕುವ ಯೀಸ್ಟ್, ಎಣ್ಣೆ, ಅದರ ಹಿಕ್ಕೆ ಅಂತ ಊಟವೂ ಸಿಗುತ್ತೆ. ಬೇಗ ಬೆಳೆಯುವುದೇ ಟ್ಯಾಂಕ್ ಹಿಡಿಯುತ್ತೆ.

ನಾನೂ ಎರಡು ವರ್ಷ ಡೋಸ್ ಏರಿಸುತ್ತಲೇ ಹೋಗಿ ಬ್ಯಾಚ್ ಮೇಲೆ ಬ್ಯಾಚ್ ಕಳೆದುಕೊಂಡೆ. ಈಗ ಕ್ಲೋರಿನ್ ತೆಗೆದ ನೀರನ್ನು ಹಳೆಯ ಬಯೋಫಿಲ್ಟರ್ (ಒಳ್ಳೆಯ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಫಿಲ್ಟರ್) ಮೂಲಕ ಎರಡು ಮೂರು ದಿನ ಸುತ್ತಿಸಿ, ಆಮೇಲೆ ಬಳಸುತ್ತೇನೆ. ಅದರಲ್ಲಿನ ನಿಧಾನ ಬೆಳೆಯುವ ಬ್ಯಾಕ್ಟೀರಿಯಾ, ನೀರಲ್ಲಿರುವ ಸ್ವಲ್ಪ ಊಟವನ್ನೂ ಮುಗಿಸಿ ಜಾಗ ಹಿಡಿದಿರುತ್ತೆ. ನಾರ್ವೆಯಲ್ಲಿ 1990ರ ದಶಕದಲ್ಲೇ ಹೀಗೆ ಹದಗೊಳಿಸಿದ ನೀರನ್ನು ಹಾಲಿಬಟ್ ಮೀನಿನ ಮರಿಗಳಿಗೆ ಬಳಸಿ ನೋಡಿದ್ದರು. ಒಂದು ಮಾತು: ಕ್ಲೋರಿನ್ ಉಳಿದಿದೆಯಾ ಅಂತ ನೋಡುವ ಆರ್ಥೊಟಾಲಿಡಿನ್ ಹನಿ ಹಾಕಿದಾಗ ಒಂಚೂರೂ ಹಳದಿ ಕಾಣಬಾರದು. ಕ್ಲೋರಿನ್ ಉಳಿದಿದ್ದರೆ ಫಿಲ್ಟರ್ ಸಾಯುತ್ತೆ.

ನೀರಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಮುಟ್ಟಿ ನೋಡಿ. ಬೆರಳಿಗೆ ಲೋಳೆ ಹತ್ತಿದರೆ ವಿಬ್ರಿಯೋ ಅಲ್ಲೇ ಮನೆ ಮಾಡಿರಬಹುದು. ಪ್ರತಿ ಬ್ಯಾಚ್‌ಗೂ ತೊಳೆದು ಒಣಗಿಸಿ.

ಪ್ರಶ್ನೆ ಕೇಳಿದವರು
ಮುಟ್ಟಿ ನೋಡಿದೆ, ಲೋಳೆ ಇದೆ. ಯುವಿ (ನೇರಳಾತೀತ) ದೀಪ ಹಾಕಿದರೆ ಆಗಲ್ವಾ? ಮರಿಗಳಿಗೆ ಕೊಡುವ ಇನ್ನೊಂದು ಸಣ್ಣ ಜೀವಿ ಆರ್ಟೀಮಿಯಾಗೂ ಇದೇ ನೀರು ಸಾಕಾ?

ಉತ್ತರ 2
ಯುವಿ ದೀಪದ ಮುಂದೆ ಹಾದುಹೋಗುವ ನೀರನ್ನಷ್ಟೇ ಶುದ್ಧ ಮಾಡುತ್ತೆ, ಟ್ಯಾಂಕಿನ ಗೋಡೆಯ ಲೋಳೆಗೆ ತಾಗಲ್ಲ. ಹದಗೊಳಿಸಿದ ನೀರಿಗೆ ಮತ್ತೆ ಯುವಿ ಕೊಟ್ಟರೆ ಮಾಡಿದ್ದೆಲ್ಲ ಹಾಳು.

ಆರ್ಟೀಮಿಯಾ ಬೇರೆ ಕಥೆ. ಮೊಟ್ಟೆ ಒಡೆಯುವಾಗ ಗ್ಲಿಸರಾಲ್ ನೀರಿಗೆ ಬರುತ್ತೆ, ವಿಬ್ರಿಯೋಗೆ ಅದು ಹಬ್ಬದೂಟ. ಆ ನೀರನ್ನು ಮರಿಗಳ ಟ್ಯಾಂಕಿಗೆ ಒಂದು ಹನಿಯೂ ಸೇರಿಸಬೇಡಿ. 120 ಮೈಕ್ರಾನ್ ಜಾಲರಿಯಲ್ಲಿ ಹಿಡಿದು, ಹದಗೊಳಿಸಿದ ನೀರಿನಲ್ಲಿ ಹತ್ತು ನಿಮಿಷ ತೊಳೆದು ಕೊಡಿ. ರೊಟಿಫರ್‌ಗೂ ಇದನ್ನೇ ಮಾಡಿ, ಜಾಲರಿ ಮಾತ್ರ 50 ಮೈಕ್ರಾನ್‌ನದು. ತೊಳೆಯುವ ಮುಂಚೆ ಒಂದು, ತೊಳೆದ ಮೇಲೆ ಒಂದು ಪ್ಲೇಟ್ ಹಚ್ಚಿ ಇಲ್ಲಿ ಹಾಕಿ, ನೋಡೋಣ.